ಫೈಲ್ ಉಳಿದವು, ಕೆಲಸ ನಿಂತಿತು

2025ರ ನವೆಂಬರ್ ಮೊದಲ ವಾರ. ತಾವರಗೇರಾ ಬಸ್ ನಿಲ್ದಾಣದ ಹತ್ತಿರ ನಾವು ದಿನಾ ಕೂತು ಸುದ್ದಿ ಕಳಿಸುವ ಡಿಟಿಪಿ ಅಂಗಡಿಯ ಮುಂದೆ ಏಳೆಂಟು ಜನ ನಿಂತಿದ್ದರು. ಒಳಗೆ ಅಂಗಡಿ ಹುಡುಗ ಕೀಬೋರ್ಡ್ ನೋಡುತ್ತಾ ತಲೆ ಕೆರೆದುಕೊಳ್ಳುತ್ತಿದ್ದ. ‘ಪಂಚಾಯಿತಿ’ ಎಂದು ಹೊಡೆಯಲು ಹೋದರೆ ಮೊದಲಿಗೇ ‘ಜ’ ಬಂದು ಕೂರುತ್ತಿತ್ತು.

‘ಏನಾತಪ್ಪಾ?’ ಅಂದೆವು.

‘ಅಪ್‌ಗ್ರೇಡ್ ಆತ್ರಿ ಸರ. ಫೈಲ್ ಎಲ್ಲಾ ಅದಾವ. ಕೆಲಸಾನ ಆಗವಲ್ದು.’

ಈ ಒಂದು ಮಾತಿನ ಮೇಲೆ ಇವತ್ತು ಬರೆಯುತ್ತಿದ್ದೇವೆ. ನಮ್ಮ ಊರುಗಳಲ್ಲಿ ಕಂಪ್ಯೂಟರ್ ಬದಲಿಸುವಾಗ ‘ಡೇಟಾ ಕಾಪಿ ಮಾಡ್ಕೊಂಡ್ರೇನು?’ ಎಂದು ಎಲ್ಲರೂ ಕೇಳುತ್ತಾರೆ. ‘ಸೆಟ್ಟಿಂಗ್ ಕಾಪಿ ಮಾಡ್ಕೊಂಡ್ರೇನು?’ ಎಂದು ಕೇಳಿದವರನ್ನು ನಾವು ಈ ಹತ್ತು ವರ್ಷದ ವರದಿಗಾರಿಕೆಯಲ್ಲಿ ಕಂಡಿಲ್ಲ. ನಾವೂ ಕೇಳಿದವರಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಆದದ್ದು ಇಷ್ಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ತೀರಾ ಹಳೆಯದಿರಬಾರದು. ನಮ್ಮ ಕಡೆಯ ಝೆರಾಕ್ಸ್ ಅಂಗಡಿಗಳಲ್ಲಿ ಇರುವ ಬಹುಪಾಲು ಡಬ್ಬಿಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿ ಮಾಲೀಕರು ಹಳೇ ಸಿಪಿಯು ಎಕ್ಸ್‌ಚೇಂಜಿಗೆ ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಡಬ್ಬಿ ತಂದರು. ಅದನ್ನು ಕೂರಿಸಿಕೊಡಲು ಬಂದ ಹುಡುಗ ಡಿ ಡ್ರೈವ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮೂರನ್ನೂ ಚೊಕ್ಕವಾಗಿ ಕಾಪಿ ಮಾಡಿ ಹಾಕಿದ. ‘ಎಲ್ಲಾ ಹಾಕೀನ್ರಿ, ಒಂದ್ಸಲ ನೋಡ್ಕೋರಿ’ ಅಂದ. ಮಾಲೀಕರು ನೋಡಿದರು, ಎಲ್ಲ ಇತ್ತು. ಹಳೇ ಡಬ್ಬಿ ಅವನ ಜೊತೆ ಹೋಯಿತು, ಅವತ್ತು ರಾತ್ರಿಯೇ ಫಾರ್ಮ್ಯಾಟ್ ಆಯಿತು.

ಮಾರನೇ ದಿನ ಬೆಳಗ್ಗೆ ಬಾಗಿಲು ತೆಗೆದ ಮೇಲೆ ಏನೇನು ಹೋಗಿದೆ ಎಂಬುದು ಒಂದೊಂದೇ ತಿಳಿಯತೊಡಗಿತು. ನುಡಿ ತಂತ್ರಾಂಶದ ಕೀಲಿಮಣೆ ಹೋಗಿತ್ತು. ನಮ್ಮ ಕಡೆ ಬೆರಳಿಗೆ ರೂಢಿಯಾಗಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಅದರಲ್ಲಿ ಇಂಗ್ಲಿಷಿನ ಪಿ ಕೀಲಿಗೆ ‘ಪ’, ಜೆ ಕೀಲಿಗೆ ‘ಜ’. ಹೊಸ ಡಬ್ಬಿಯಲ್ಲಿ ಕನ್ನಡ ಎಂದು ಒತ್ತಿದಾಗ ಬಂದದ್ದು ಇನ್‌ಸ್ಕ್ರಿಪ್ಟ್. ಅದರಲ್ಲಿ ಪಿ ಕೀಲಿಗೆ ‘ಜ’, ಜೆ ಕೀಲಿಗೆ ‘ರ’, ‘ಪ’ ಬೇಕೆಂದರೆ ಎಚ್ ಕೀಲಿಗೆ ಹೋಗಬೇಕು. ಇನ್‌ಸ್ಕ್ರಿಪ್ಟ್ ಕೆಟ್ಟದ್ದೆಂದಲ್ಲ, ಕಲಿತವರಿಗೆ ಅದೂ ಸರಾಗ. ಆದರೆ ಹದಿನೈದು ವರ್ಷ ಒಂದೇ ದಾರಿಯಲ್ಲಿ ಓಡಿದ ಬೆರಳಿಗೆ ಒಂದು ರಾತ್ರಿಯಲ್ಲಿ ದಾರಿ ಬದಲಿಸು ಎಂದರೆ ಹೇಗೆ? ಹಳೇ ಫೈಲ್ ತೆರೆದರೆ ಅಕ್ಷರದ ಬದಲು ಇಂಗ್ಲಿಷಿನ ಗಜಿಬಿಜಿ. ಅವೆಲ್ಲ ಯೂನಿಕೋಡ್ ಬರುವ ಮುಂಚಿನ ರೀತಿಯಲ್ಲಿ ನುಡಿ ಫಾಂಟಿನಲ್ಲಿ ಕೂಡಿಸಿದವು. ಫಾಂಟ್ ಇಲ್ಲದಿದ್ದರೆ ಕನ್ನಡವೇ ಇಲ್ಲ.

ವರ್ಡ್‌ನಲ್ಲಿ ಮಾಲೀಕರು ವರ್ಷಗಟ್ಟಲೆ ಕೂಡಿಸಿಟ್ಟಿದ್ದ ಸಣ್ಣಕ್ಷರದ ಸಂಕೇತಗಳಿದ್ದವು. ಮೂರು ಕೀಲಿ ಒತ್ತಿದರೆ ‘ತಾವರಗೇರಾ, ತಾ. ಕುಷ್ಟಗಿ, ಜಿ. ಕೊಪ್ಪಳ’ ಎಂದು ಪೂರ್ತಿ ವಿಳಾಸ ಬಂದು ಬೀಳುತ್ತಿತ್ತು. ಅದೂ ಇಲ್ಲ. ಬಾಂಡ್ ಪೇಪರಿಗೆ ಮೇಲೆ ಎಷ್ಟು ಜಾಗ ಬಿಟ್ಟು ಪ್ರಿಂಟ್ ತೆಗೆಯಬೇಕು ಎಂಬ ಅಳತೆ ಇಲ್ಲ. ಪಾಸ್‌ಪೋರ್ಟ್ ಫೋಟೊ ಎಂಟು ಪ್ರತಿಯನ್ನು ಒಂದೇ ಹಾಳೆಯಲ್ಲಿ ಕೂರಿಸುವ ಫೋಟೊಶಾಪ್ ಆ್ಯಕ್ಷನ್ ಇಲ್ಲ. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್ ಇಲ್ಲ. ನಮ್ಮದೇ ಒಂದು ಸುದ್ದಿಯನ್ನು ಅವತ್ತು ಫೋನಿನಲ್ಲಿ ಹೆಬ್ಬೆರಳಿನಿಂದ ಕುಟ್ಟಿ ಕಳಿಸಿದೆವು. ಡೆಸ್ಕಿನವರು ಅರ್ಧಕ್ಕೆ ಕತ್ತರಿಸಿ ಹಾಕಿದರು, ಅದು ಬೇರೆ ಕಥೆ.

ಇವೆಲ್ಲ ಅಂಗಡಿಯ ತಾಪತ್ರಯ, ನಮ್ಮ ತಾಪತ್ರಯ. ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಬೆರಳಚ್ಚಿನ ಯಂತ್ರದ ವಿಷಯ.

ಅವತ್ತು ಹತ್ತಿರದ ಹಳ್ಳಿಯಿಂದ ಒಬ್ಬ ಅಜ್ಜಿ ಸೊಸೆಯ ಕೈ ಹಿಡಿದುಕೊಂಡು ಬಂದಿದ್ದರು. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ತೀರಿಕೊಂಡು ಬಹಳ ವರ್ಷವಾಗಿದೆ. ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತದೆ. ಕೇಂದ್ರದ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆ ಎಂದು ತೋರಿಸಬೇಕು. 2014ರ ನವೆಂಬರಿನಿಂದ ಇದಕ್ಕೆ ಜೀವನ್ ಪ್ರಮಾಣ್ ಎಂಬ ವ್ಯವಸ್ಥೆ ಇದೆ. ಆಧಾರ್‌ಗೆ ಜೋಡಿಸಿದ ಬೆರಳಚ್ಚು ಒತ್ತಿದರೆ ಆಯಿತು, ಬ್ಯಾಂಕಿಗೆ ಅಲೆಯಬೇಕಿಲ್ಲ. ಒಳ್ಳೆಯ ವ್ಯವಸ್ಥೆ, ನಾವು ಅದರ ಪರ.

ಆದರೆ ಆ ಬೆರಳಚ್ಚಿನ ಯಂತ್ರ ಕಂಪ್ಯೂಟರಿಗೆ ಚುಚ್ಚಿದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ. ಆಧಾರ್ ಪ್ರಾಧಿಕಾರದ ನಿಯಮದಂತೆ ಅದು ನೋಂದಾಯಿತ ಯಂತ್ರವಾಗಿರಬೇಕು. ಅದಕ್ಕೊಂದು ಡ್ರೈವರ್ ಬೇಕು, ಆರ್‌ಡಿ ಸರ್ವೀಸ್ ಎಂಬ ಪುಟ್ಟ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿರಬೇಕು. ಜಾಲತಾಣದ ಮೂಲಕ ಕೆಲಸ ಮಾಡುವಾಗ ಬ್ರೌಸರ್ ಅದೇ ಕಂಪ್ಯೂಟರಿನೊಳಗೆ 11100ರಿಂದ 11120ರವರೆಗಿನ ಬಾಗಿಲುಗಳಲ್ಲಿ ಒಂದನ್ನು ತಟ್ಟಿ ಅದನ್ನು ಹುಡುಕಿಕೊಳ್ಳುತ್ತದೆ. ಆಂಟಿವೈರಸ್ ತಡೆಯಬಾರದು, ಬ್ರೌಸರಿಗೆ ಅನುಮತಿ ಕೊಟ್ಟಿರಬೇಕು. ಎರಡು ವರ್ಷದ ಹಿಂದೆ ಇದೆಲ್ಲವನ್ನೂ ಫೋನಿನಲ್ಲಿ ಯಾರದೋ ಮಾತು ಕೇಳುತ್ತಾ ಒಂದಿಡೀ ಮಧ್ಯಾಹ್ನ ಕೂತು ಅಂಗಡಿಯವರು ಹೊಂದಿಸಿದ್ದರು. ಏನು ಮಾಡಿದ್ದೆವು ಎಂದು ಯಾರಿಗೂ ನೆನಪಿಲ್ಲ, ಯಾರೂ ಬರೆದಿಟ್ಟಿಲ್ಲ.

‘ಯವ್ವಾ, ನಾಳೆ ಬರ್ರಿ’ ಅಂದ ಹುಡುಗ. ಫೋನಿನಲ್ಲಿ ಮುಖ ತೋರಿಸಿ ಮಾಡುವ ದಾರಿಯೂ ಇದೆ. ಆದರೆ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ನಾಳೆ ಬಂದರು, ಅವತ್ತೂ ಆಗಲಿಲ್ಲ. ಮೂರನೇ ಸಲ ಬಂದಾಗ ಆಯಿತು. ಹತ್ತಿ ಬಿಡಿಸುವ ದಿನಗಳು ಅವು. ‘ಬಸ್ಸು ಪುಕ್ಕಟೆ ಐತಲ್ಲವಾ’ ಎಂದು ಸಾಲಿನಲ್ಲಿದ್ದ ಯಾರೋ ಸಮಾಧಾನ ಹೇಳಹೋದರು. ಸೊಸೆ ತಿರುಗಿ, ‘ಬಸ್ಸು ಪುಕ್ಕಟೆ ಐತಿ, ನನ್ನ ಕೂಲಿ ಯಾರು ಕೊಡ್ತಾರ?’ ಅಂದಳು. ಎರಡು ದಿನದ ಕೂಲಿ. ಅಂಗಡಿಯವರ ಲೆಕ್ಕದಲ್ಲಿ ಅದು ಇಲ್ಲ, ಕಂಪ್ಯೂಟರ್ ಕೂರಿಸಿದ ಹುಡುಗನ ಲೆಕ್ಕದಲ್ಲೂ ಇಲ್ಲ.

ಒಂದು ಕಾಲಕ್ಕೆ ಕಂಪ್ಯೂಟರ್ ನಿಂತರೆ ಕೈಬರಹ ಇತ್ತು. ಭೂಮಿ ಯೋಜನೆ ಬಂದಾಗ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು, ಆಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಲಂಚ, ತಿದ್ದುಪಡಿ, ಅಲೆದಾಟ ತಪ್ಪಿಸಲು ಅದು ಬೇಕಿತ್ತು. ಆದರೆ ಅಲ್ಲಿಂದಾಚೆ ಒಂದೊಂದಾಗಿ ಎಲ್ಲ ಕೆಲಸಕ್ಕೂ ಕೈಬರಹದ ಬಾಗಿಲು ಮುಚ್ಚಿದೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ಹೆಂಗಸರು ಕೂಸು ಕಟ್ಟಿಕೊಂಡು ನಿಂತದ್ದನ್ನು ನೀವೂ ನೋಡಿದ್ದೀರಿ. ಒಂದು ಕೌಂಟರ್ ಒಂದು ದಿನ ನಿಂತರೆ ಎಷ್ಟು ಮನೆಗೆ ತಟ್ಟುತ್ತದೆ ಎಂಬುದಕ್ಕೆ ಬೇರೆ ಅಂಕಿ ಅಂಶ ಬೇಡ.

ಈಗ ಸೆಟ್ಟಿಂಗ್ ಎಂದರೇನು ಎಂಬುದಕ್ಕೆ ಬರೋಣ. ನಮ್ಮ ಕಡೆ ಬಿತ್ತಿದವರಿಗೆ ಇದು ಬೇಗ ತಿಳಿಯುತ್ತದೆ. ಬೀಜ ಇದೆ, ಎತ್ತು ಇವೆ, ಕೂರಿಗೆ ಹೊಸದು. ಆದರೆ ಸಜ್ಜೆಗೆ ಎಷ್ಟು, ತೊಗರಿಗೆ ಎಷ್ಟು ಎಂದು ತಾಳಿನ ಅಂತರ ಹೊಂದಿಸದೆ ಹೊಲಕ್ಕೆ ಇಳಿದರೆ? ಡೇಟಾ ಎಂದರೆ ಬೀಜ. ಸೆಟ್ಟಿಂಗ್ ಎಂದರೆ ಆ ಅಂತರ. ಅದು ಕಣ್ಣಿಗೆ ಕಾಣುವ ಫೈಲ್ ಅಲ್ಲ, ಆದ್ದರಿಂದ ಕಾಪಿ ಮಾಡಬೇಕೆಂದು ಹೊಳೆಯುವುದೂ ಇಲ್ಲ.

ವಿಂಡೋಸ್‌ನಲ್ಲಿ ಇದು ಮುಖ್ಯವಾಗಿ ಎರಡು ಕಡೆ ಕೂತಿರುತ್ತದೆ. ಒಂದು, ರಿಜಿಸ್ಟ್ರಿ. ಇಡೀ ಕಂಪ್ಯೂಟರಿನ ಸೆಟ್ಟಿಂಗ್‌ಗಳ ದೊಡ್ಡ ದಫ್ತರ ಎನ್ನಬಹುದು. ಇನ್ನೊಂದು, ಸಿ ಡ್ರೈವಿನಲ್ಲಿ ಬಳಕೆದಾರನ ಹೆಸರಿನ ಕೆಳಗಿರುವ ಆ್ಯಪ್‌ಡೇಟಾ ಎಂಬ ಫೋಲ್ಡರ್. ವರ್ಡ್‌ನ ಸಂಕೇತಗಳು, ಫೋಟೊಶಾಪಿನ ಆ್ಯಕ್ಷನ್‌ಗಳು, ಬ್ರೌಸರಿನ ಬುಕ್‌ಮಾರ್ಕ್‌ಗಳು ಎಲ್ಲ ಅದರೊಳಗೆ. ವಿಂಡೋಸ್ ಈ ಫೋಲ್ಡರನ್ನು ಅಡಗಿಸಿಯೇ ಇಟ್ಟಿರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡಿ ಡ್ರೈವ್ ಕಾಪಿ ಮಾಡಿದ ಹುಡುಗನ ತಪ್ಪೇನೂ ಇಲ್ಲ, ಅವನಿಗೆ ಕಂಡದ್ದು ಅಷ್ಟೇ.

‘ವಿಂಡೋಸ್ ತಾನೇ ಒಂದು ಪ್ರತಿ ಇಟ್ಟಿರತೈತಲ್ರಿ’ ಎಂದು ಸ್ವಲ್ಪ ತಿಳಿದವರು ಹೇಳುತ್ತಾರೆ. ಇಡುತ್ತಿತ್ತು. ರೆಗ್‌ಬ್ಯಾಕ್ ಎಂಬ ಫೋಲ್ಡರಿನಲ್ಲಿ ರಿಜಿಸ್ಟ್ರಿಯ ನಕಲು ತಾನಾಗಿಯೇ ಬೀಳುತ್ತಿತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803ನೇ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿದೆ, ಡಿಸ್ಕಿನ ಜಾಗ ಉಳಿಸುವುದಕ್ಕಂತೆ. ಫೋಲ್ಡರ್ ಇರುತ್ತದೆ, ತೆರೆದು ನೋಡಿದರೆ ಫೈಲುಗಳ ಹೆಸರೂ ಇರಬಹುದು, ಗಾತ್ರ ಮಾತ್ರ ಸೊನ್ನೆ. ಬರಗಾಲದಲ್ಲಿ ಹಗೇವು ತೆಗೆದು ನೋಡಿದರೆ ಬರೀ ಹುಲ್ಲು ಕಂಡಂತೆ.

ಇನ್ನೊಂದು ವಾದವೂ ಇದೆ: ಇದ್ದ ಕಂಪ್ಯೂಟರಿನ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಸೆಟ್ಟಿಂಗ್ ಉಳಿಯುತ್ತವಲ್ಲ? ನಿಜ, ಹೆಚ್ಚಿನವು ಉಳಿಯುತ್ತವೆ. ಹೊಸದು ಒಗ್ಗದಿದ್ದರೆ 10 ದಿನದೊಳಗೆ ಹಳೆಯದಕ್ಕೆ ಮರಳುವ ದಾರಿಯೂ ಇರುತ್ತದೆ. ಆದರೆ ನಮ್ಮ ಕಡೆ ಅಪ್‌ಗ್ರೇಡ್ ಎಂದರೆ ಹೆಚ್ಚಾಗಿ ಡಬ್ಬಿಯನ್ನೇ ಬದಲಿಸುವುದು ಅಥವಾ ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಅಲ್ಲಿ ಹತ್ತು ದಿನವೂ ಇಲ್ಲ, ಹತ್ತು ನಿಮಿಷವೂ ಇಲ್ಲ. ಮೈಕ್ರೋಸಾಫ್ಟ್‌ನ ವಿಂಡೋಸ್ ಬ್ಯಾಕಪ್ ಎಂಬ ಸೌಲಭ್ಯ ವಿಂಡೋಸ್‌ನದೇ ಕೆಲವು ಸೆಟ್ಟಿಂಗ್‌ಗಳನ್ನು ಕ್ಲೌಡ್‌ನಲ್ಲಿ ಇಡುತ್ತದೆ. ನುಡಿ, ಫೋಟೊಶಾಪ್, ಬೆರಳಚ್ಚಿನ ಯಂತ್ರ ಅದರ ಲೆಕ್ಕಕ್ಕಿಲ್ಲ.

ಇಲ್ಲೊಂದು ತಮಾಷೆ ಇದೆ. ವಿಂಡೋಸ್ 10 ಇಟ್ಟುಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡಲು ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ ಮೊದಲು ಹೇಳಿದ ಬೆಲೆ 30 ಡಾಲರ್. ಪುಕ್ಕಟೆ ಬೇಕೇ? ಹಾಗಾದರೆ ನಿಮ್ಮ ಸೆಟ್ಟಿಂಗ್‌ಗಳನ್ನು ನಮ್ಮ ಕ್ಲೌಡಿಗೆ ಸಿಂಕ್ ಮಾಡಿ ಎಂದಿತು. ನಾವು ಕಸ ಎಂದು ಬಿಟ್ಟುಬಂದದ್ದಕ್ಕೆ ಅಮೆರಿಕದ ಕಂಪನಿ ಒಂದು ವರ್ಷದ ಬೆಲೆ ಕಟ್ಟಿತು.

ಹಾಗಾದರೆ ಏನು ಮಾಡಬೇಕು? ನಾವು ಇಂಜಿನಿಯರ್ ಅಲ್ಲ, ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವರು. ಆದರೂ ಈ ಮೂರು ದಿನ ಆ ಅಂಗಡಿಯಲ್ಲಿ ಕೂತು, ಕೇಳಿ, ಓದಿ ತಿಳಿದದ್ದನ್ನು ಹೇಳುತ್ತೇವೆ. ಎಲ್ಲಕ್ಕಿಂತ ಸುಲಭದ ಉಪಾಯಕ್ಕೆ ಕಾಸು ಬೇಡ: ಮೊಬೈಲಿನಲ್ಲಿ ಫೋಟೊ. ಪ್ರಿಂಟರಿನ ಸೆಟ್ಟಿಂಗ್ ತೆರೆದು ಒಂದು ಫೋಟೊ, ಕೀಬೋರ್ಡ್ ಪಟ್ಟಿಗೆ ಒಂದು, ಹಾಕಿರುವ ಪ್ರೋಗ್ರಾಮುಗಳ ಪಟ್ಟಿಗೆ ಒಂದು, ಬ್ರೌಸರಿನ ಅನುಮತಿಗಳಿಗೆ ಒಂದು. ಪಾಸ್‌ವರ್ಡುಗಳನ್ನು ಮಾತ್ರ ಫೋಟೊ ತೆಗೆಯಬೇಡಿ, ಫೋನ್ ಎಲ್ಲೆಲ್ಲಿಗೋ ಹೋಗುತ್ತದೆ. ಆಮೇಲೆ ಆ್ಯಪ್‌ಡೇಟಾ ಪೂರ್ತಿ ಒಂದು ಹಾರ್ಡ್‌ಡಿಸ್ಕಿಗೆ. ಪೂರ್ತಿ ಹೊಸ ಕಂಪ್ಯೂಟರಿಗೆ ಸುರಿಯುವುದಕ್ಕಲ್ಲ, ಬೇಕಾದಾಗ ಬೇಕಾದ್ದನ್ನು ಹೆಕ್ಕಿಕೊಳ್ಳುವುದಕ್ಕೆ. ಸಿ ಡ್ರೈವಿನ ಫಾಂಟ್ಸ್ ಫೋಲ್ಡರ್ ಕೂಡ.

ರಿಜಿಸ್ಟ್ರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ರೆಜೆಡಿಟ್ ತೆರೆದು ಎಕ್ಸ್‌ಪೋರ್ಟ್ ಒತ್ತಿದರೆ ಇಡೀ ದಫ್ತರ ಒಂದು ಫೈಲಾಗಿ ಬರುತ್ತದೆ. ಅದನ್ನು ಹಾಗೇ ಬೇರೆ ಕಂಪ್ಯೂಟರಿಗೆ ಹಾಕಿದರೆ ಆ ಕಂಪ್ಯೂಟರ್ ಏಳದೇ ಹೋಗಬಹುದು, ಹಳೇ ಡಬ್ಬಿಯ ಯಂತ್ರಭಾಗಗಳ ವಿವರವೂ ಅದರಲ್ಲೇ ಇರುತ್ತದೆ. ಬೇಕಾದ ಪ್ರೋಗ್ರಾಮಿನ ಕೊಂಬೆಯನ್ನಷ್ಟೇ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಬೇಕು. ಫೈಬರ್ ಇಂಟರ್ನೆಟ್ಟಿನ ಡಬ್ಬಿಗೂ ಇದೇ ಮಾತು. ಅದರ ಪುಟದಲ್ಲಿ ಸಾಮಾನ್ಯವಾಗಿ ಬ್ಯಾಕಪ್ ಎಂಬ ಗುಂಡಿ ಇರುತ್ತದೆ, ಒತ್ತಿದರೆ ಸಣ್ಣ ಫೈಲ್ ಸಿಗುತ್ತದೆ. ಅದಿಲ್ಲದೆ ಯಾರೋ ರೀಸೆಟ್ ಒತ್ತಿದರೆ, ಕನೆಕ್ಷನ್ ಕೊಟ್ಟ ಹುಡುಗ ಫೋನ್ ಎತ್ತುವವರೆಗೆ ಊರಿಗೂ ಜಗತ್ತಿಗೂ ಸಂಬಂಧ ಇಲ್ಲ.

ಇಟ್ಟುಕೊಂಡ ಪ್ರತಿ ಕೆಲಸಕ್ಕೆ ಬರುತ್ತದೆಯೇ ಎಂದು ಒಮ್ಮೆ ತೆರೆದು ನೋಡುವುದು ಬಹಳ ಮುಖ್ಯ. ದೊಡ್ಡವರೇ ಇದರಲ್ಲಿ ಎಡವಿದ್ದಾರೆ. ಜಗತ್ತಿನಾದ್ಯಂತ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಇಂಜಿನಿಯರ್ ಕೈತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದ. ಬ್ಯಾಕಪ್ ಹುಡುಕಿದರೆ ಒಂದೂ ನೆಟ್ಟಗಿಲ್ಲ. ಡೇಟಾಬೇಸ್ 9.6ನೇ ಆವೃತ್ತಿಗೆ ಹೋಗಿತ್ತು, ಬ್ಯಾಕಪ್ ತೆಗೆಯುವ ಸಾಧನ ಮಾತ್ರ 9.2ನೆಯದನ್ನೇ ಓಡಿಸುತ್ತಿತ್ತು. ದಿನಾ ವಿಫಲವಾಗುತ್ತಿತ್ತು. ‘ವಿಫಲವಾಗಿದೆ’ ಎಂದು ಅದು ಕಳಿಸುತ್ತಿದ್ದ ಇಮೇಲ್ ಕೂಡ ಇನ್ನೊಂದು ಸೆಟ್ಟಿಂಗಿನ ದೆಸೆಯಿಂದ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿತು. ಆ ಆರು ಗಂಟೆಯ ಡೇಟಾ ಹೋದದ್ದು ಹೋಯಿತು. ಆ ಕಂಪನಿಯ ಒಂದು ಗುಣ ಮೆಚ್ಚಬೇಕು, ನಡೆದದ್ದನ್ನೆಲ್ಲ ಮುಚ್ಚಿಡದೆ ಬರೆದು ಹೊರಗೆ ಹಾಕಿತು. ನಮ್ಮಲ್ಲಿ ‘ಸರ್ವರ್ ಬ್ಯುಸಿ ಐತ್ರಿ’ ಎಂಬ ಮೂರು ಮಾತಿನಲ್ಲಿ ಎಲ್ಲ ಮುಗಿಯುತ್ತದೆ. ನಮ್ಮ ಅನುಮಾನ, ಸರ್ವರ್ ಬ್ಯುಸಿ ಎಂದು ಜನ ವಾಪಸು ಹೋದ ಎಷ್ಟೋ ದಿನಗಳಲ್ಲಿ ಸರ್ವರ್ ಆರಾಮಾಗಿಯೇ ಇತ್ತು, ಕೆಟ್ಟದ್ದು ಕೌಂಟರಿನ ಈಚೆಯದು.

ನಮ್ಮ ಮುಖ್ಯ ತಕರಾರು ತಂತ್ರಜ್ಞಾನದ ಬಗ್ಗೆ ಅಲ್ಲ, ಹಣದ ಬಗ್ಗೆ. ಕಂಪ್ಯೂಟರ್ ಕೂರಿಸುವ ಹುಡುಗನಿಗೆ ಕೊಡುವುದು ಒಂದು ಫಾರ್ಮ್ಯಾಟಿಗೆ ಐನೂರೋ ಆರುನೂರೋ. ಅದರಲ್ಲಿ ಬೈಕಿನ ಪೆಟ್ರೋಲ್ ಕಳೆಯಬೇಕು, ಅವತ್ತೇ ಇನ್ನೆರಡು ಕಡೆ ಹೋಗಬೇಕು. ಸೆಟ್ಟಿಂಗ್ ಎತ್ತಿಡುವುದಕ್ಕೆ ಅರ್ಧ ದಿನ ಬೇಕು. ಅರ್ಧ ದಿನದ ಕೂಲಿ ಕೊಡುವವರು ಯಾರು? ಅಂಗಡಿಯವರು ಚೌಕಾಸಿ ಮಾಡುತ್ತಾರೆ, ಹುಡುಗ ಡಿ ಡ್ರೈವ್ ಕಾಪಿ ಮಾಡಿ ಹೊರಡುತ್ತಾನೆ. ಆ ಉಳಿದ ಕಾಸನ್ನು ಕೊನೆಗೆ ತೆತ್ತವಳು ಹತ್ತಿ ಬಿಡಿಸುವ ಸೊಸೆ.

ಸರ್ಕಾರಿ ಸೇವೆ ಕೊಡುವ ಕೇಂದ್ರಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಸೆಟ್ಟಿಂಗ್ ಗೊತ್ತಿರುವುದು ಹೊರಗುತ್ತಿಗೆಯ ಆಪರೇಟರಿಗೆ. ಅವನ ಗುತ್ತಿಗೆ ಮುಗಿದರೆ ಅವನ ಜೊತೆ ಅದೂ ಬಾಗಿಲು ದಾಟುತ್ತದೆ. ಹೊಸ ತಂತ್ರಾಂಶ ಬರುತ್ತದೆ ಎಂಬ ಆದೇಶದಲ್ಲಿ ತರಬೇತಿ ದಿನಾಂಕ ಇರುತ್ತದೆ, ಉದ್ಘಾಟನೆಗೆ ಬರುವವರ ಹೆಸರು ಇರುತ್ತದೆ. ಇನ್ನೊಂದು ಸಾಲು ಸೇರಿಸಲಿ: ಬದಲಾವಣೆಗೆ ಮೊದಲು ಪ್ರತಿ ಕೌಂಟರಿನ ಸೆಟ್ಟಿಂಗ್‌ಗಳನ್ನು ಯಾರು, ಯಾವ ದಿನ, ಎಲ್ಲಿ ಎತ್ತಿಡಬೇಕು, ಅದಕ್ಕೆ ಎಷ್ಟು ಕೊಡಲಾಗುವುದು. ಪಿಂಚಣಿ ತಿಂಗಳಾದ ನವೆಂಬರ್, ಶಾಲೆ ಪ್ರವೇಶದ ಜೂನ್ ಬಿಟ್ಟು ಅಪ್‌ಗ್ರೇಡ್ ಇಟ್ಟುಕೊಳ್ಳಲಿ. ಹಳೇ ಯಂತ್ರವನ್ನು ಹದಿನೈದು ದಿನ ಮೂಲೆಯಲ್ಲಿ ಇಟ್ಟಿರಲಿ, ಅವತ್ತೇ ಹರಾಜಿಗೆ ಹಾಕುವುದು ಬೇಡ. ಇದಕ್ಕೆ ಕೋಟಿಗಟ್ಟಲೆ ಖರ್ಚಿಲ್ಲ. ಕೋಟಿಗಟ್ಟಲೆ ಖರ್ಚಿಲ್ಲದ್ದಕ್ಕೇ ಯಾರ ಕಣ್ಣಿಗೂ ಬೀಳುತ್ತಿಲ್ಲವೇನೋ.

ನಮ್ಮ ಅಂಗಡಿಯ ವಿಷಯಕ್ಕೆ ಬಂದರೆ, ನುಡಿ ಮತ್ತೆ ಬಂತು. ಫಾಂಟ್‌ಗಳು ಪಕ್ಕದ ಅಂಗಡಿಯಿಂದ ಪೆನ್‌ಡ್ರೈವಿನಲ್ಲಿ ಬಂದವು. ವಿಳಾಸದ ಸಂಕೇತಗಳನ್ನು ಹುಡುಗ ನೆನಪಾದಂತೆ ಒಂದೊಂದೇ ಹಾಕುತ್ತಿದ್ದಾನೆ. ಬಾಂಡ್ ಪೇಪರಿನ ಅಳತೆ ಮತ್ತೆ ಸಿಗುವಷ್ಟರಲ್ಲಿ ಮೂರು ಬಾಂಡ್ ಕೆಟ್ಟವು, ಆ ಹಣ ಮಾಲೀಕರೇ ಹಾಕಿಕೊಂಡರು. ಈಗ ಗಲ್ಲಾಪೆಟ್ಟಿಗೆಯ ಪಕ್ಕ, ಲಕ್ಷ್ಮಿ ಫೋಟೊದ ಕೆಳಗೆ ಒಂದು ನೂರು ಪುಟದ ನೋಟ್‌ಬುಕ್ ಇದೆ. ಪ್ರಿಂಟರಿನ ಅಳತೆ, ಬೆರಳಚ್ಚಿನ ಯಂತ್ರಕ್ಕೆ ಯಾವ ಫೈಲ್ ಎಲ್ಲಿಂದ ಇಳಿಸಿಕೊಳ್ಳಬೇಕು, ಬ್ರೌಸರಿನಲ್ಲಿ ಏನು ಒತ್ತಬೇಕು ಎಂದು ಹುಡುಗನ ಕೈಬರಹದಲ್ಲಿ ಹನ್ನೊಂದು ಪುಟ ಆಗಿದೆ.

ಅಂಗಡಿಯಲ್ಲಿ ಇನ್ನೂ ಎರಡು ಹಳೇ ಕಂಪ್ಯೂಟರ್ ಬದಲಾಗಬೇಕಿದೆ. ಯಾವಾಗ ಅಂದೆವು. ‘ಅಮಾಸಿ ದಿನ ಮಾಡೋಣ ಅಂತ ಮಾಡೀನ್ರಿ, ಗಿರಾಕಿ ಕಡಿಮಿ ಇರ್ತಾರ. ಹುಡುಗಗ ಪೂರ್ತಿ ದಿನದ್ದು ಕೊಡ್ತೀನಿ ಅಂತ ಹೇಳೀನಿ’ ಅಂದರು ಮಾಲೀಕರು. ಹಳೇ ಡಬ್ಬಿ ಮಾತ್ರ ಈ ಸಲ ಎಕ್ಸ್‌ಚೇಂಜಿಗೆ ಕೊಡುವುದಿಲ್ಲವಂತೆ, ಅಟ್ಟದ ಮೇಲೆ ಜಾಗ ಮಾಡಿದ್ದಾರೆ.